ಹತ್ತು ಲಕ್ಷದ ಆಸುಪಾಸಿನಲ್ಲಿ ಪುಟ್ಟ ಕ್ರಾಸ್‌ಓವರ್: ಆರಿಸುವುದು ಹೇಗೆ?

ಕ್ರಾಸ್‌ಓವರ್ ಎಂದರೆ ಎಸ್‌ಯುವಿಯಂತೆ ಎತ್ತರವಾಗಿ ಕಾಣುವ ಸಾಮಾನ್ಯ ಕಾರು. ಮೊದಲು ಡೀಲರ್‌ನಿಂದ ಕೊಟೇಶನ್ ತರಿಸಿಕೊಳ್ಳಿ. ಬಣ್ಣ, ಸನ್‌ರೂಫ್ ಆಮೇಲೆ. ಕರ್ನಾಟಕದಲ್ಲಿ 5ರಿಂದ 10 ಲಕ್ಷದೊಳಗಿನ ಕಾರಿಗೆ ರಸ್ತೆ ತೆರಿಗೆ ಶೇ 14, ಹತ್ತು ಲಕ್ಷ ದಾಟಿದರೆ ಶೇ 17. 9.90 ಲಕ್ಷದ ಕಾರಿಗೆ ತೆರಿಗೆ 1,38,600 ರೂಪಾಯಿ, 10.10 ಲಕ್ಷದ್ದಕ್ಕೆ 1,71,700. ಬೆಲೆಯಲ್ಲಿ ಇಪ್ಪತ್ತು ಸಾವಿರ ಹೆಚ್ಚಾಯಿತು, ತೆರಿಗೆಯಲ್ಲಿ ಮೂವತ್ತಮೂರು ಸಾವಿರ! ಸೆಸ್ ಬೇರೆ. ಟಾಪ್ ವೇರಿಯಂಟ್‌ನ ಆಸೆಗೆ ಈ ಗೆರೆ ದಾಟುವವರೇ ಹೆಚ್ಚು. ಕೊಟೇಶನ್‌ನಲ್ಲಿ ವಿಮೆ, ಆ್ಯಕ್ಸೆಸರಿ, ‘ಹ್ಯಾಂಡ್ಲಿಂಗ್’ ಎಂಬ ಸಾಲುಗಳನ್ನು ಬೇರೆ ಬೇರೆ ಬರೆಸಿ. ವಿಮೆಯನ್ನು ಡೀಲರ್ ಬಳಿಯೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ, ಹೊರಗೂ ದರ ಕೇಳಿ ನೋಡಿ.

ಆಮೇಲೆ ಡಿಕ್ಕಿ, ಅಂದರೆ ಹಿಂದೆ ಲಗೇಜ್ ಇಡುವ ಜಾಗ. ಟಾಟಾ ಪಂಚ್‌ನದು 366 ಲೀಟರ್, ಹ್ಯುಂಡೈ ಎಕ್ಸ್‌ಟರ್‌ನದು 391, ರೆನೊ ಕೈಗರ್‌ನದು 405. ಉದ್ದನೆಯ ಮಾರುತಿ ಫ್ರಾಂಕ್ಸ್‌ನದು 308 ಮಾತ್ರ. ಸಿಎನ್‌ಜಿ ಬೇಕೆಂದರೆ ಜಾಗ ಇನ್ನೂ ಕುಗ್ಗುತ್ತದೆ: ಅವಳಿ ಗ್ಯಾಸ್ ಸಿಲಿಂಡರ್‌ನ ಪಂಚ್‌ನಲ್ಲಿ ಉಳಿಯುವುದು 210 ಲೀಟರ್.

ನೆಲದಿಂದ ಎತ್ತರ ಎಕ್ಸ್‌ಟರ್‌ನಲ್ಲಿ 185 ಮಿ.ಮೀ., ನಿಸಾನ್ ಮ್ಯಾಗ್ನೈಟ್‌ನಲ್ಲಿ 205. ಇದು ಖಾಲಿ ಗಾಡಿಯ ಅಳತೆ. ಐವರು ಕೂತು, ಹಿಂದೆ ಲಗೇಜ್ ಬಿದ್ದಾಗ ಸ್ಪ್ರಿಂಗ್ ಕುಸಿದು ಹಿಂಬದಿ ತಗ್ಗುತ್ತದೆ; ಹಳ್ಳಿ ರಸ್ತೆಯ ಮೊನಚು ಹಂಪ್‌ಗೆ ಹೊಟ್ಟೆ ತಾಗುವುದು ಆಗಲೇ. ಇವೆಲ್ಲ ಮುಂದಿನ ಎರಡು ಚಕ್ರ ಎಳೆಯುವ ಕಾರುಗಳು. ಕೆಸರಿನ ತೋಟದ ದಾರಿಯಲ್ಲಿ ಜೀಪಿನ ಕೆಲಸ ಇವುಗಳಿಂದ ಆಗದು.

ಹಾಗಾಗಿ ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಮಂದಿಯನ್ನೆಲ್ಲ ಕೂರಿಸಿ, ಎ.ಸಿ. ಹಾಕಿ, ಏರು ಇರುವ ರಸ್ತೆ ಕೇಳಿ. ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ. ಟರ್ಬೊ (ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ) ಇಲ್ಲದ ಎಂಜಿನ್ ಎರಡನೇ ಗೇರ್‌ನಲ್ಲಿ ಉಸಿರುಗಟ್ಟಿದರೆ ಚಾರ್ಮಾಡಿ, ಆಗುಂಬೆ ಘಾಟಿಯಲ್ಲಿ ದಾರಿಯುದ್ದಕ್ಕೂ ಗೇರ್ ಇಳಿಸುತ್ತಲೇ ಇರಬೇಕಾಗುತ್ತದೆ. ಊರೊಳಗಿನ ಓಡಾಟಕ್ಕೆ ಅದೇ ಎಂಜಿನ್ ಧಾರಾಳ ಸಾಕು. ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ ಗಾಡಿ) ಕೊಳ್ಳುವವರು, ಏರಿನಲ್ಲಿ ಗಾಡಿಯನ್ನು ಕೆಲ ಕ್ಷಣ ಹಿಡಿದು ನಿಲ್ಲಿಸುವ ‘ಹಿಲ್ ಹೋಲ್ಡ್’ ಇರುವ ವೇರಿಯಂಟನ್ನೇ ನೋಡಿ. ಅದಿಲ್ಲದ ಗಾಡಿ ಏರಿನಲ್ಲಿ ಬ್ರೇಕ್ ಬಿಟ್ಟೊಡನೆ ಹಿಂದಕ್ಕೆ ಜಾರುತ್ತದೆ. ಜಾರದಂತೆ ಆ್ಯಕ್ಸಿಲರೇಟರ್ ಒತ್ತಿ ಹಿಡಿಯುವ ಅಭ್ಯಾಸವಾದರೆ ಕ್ಲಚ್ ಕಾದು ಬೇಗ ಸವೆಯುತ್ತದೆ. ಹಿಂದಿನ ಸೀಟಿನಲ್ಲಿ ಹಿರಿಯರು ಹತ್ತಿಳಿಯುವಾಗ ಮೊಣಕಾಲು ಬಾಗಿಲಿಗೆ ತಾಗುತ್ತದೆಯೇ ಎಂದೂ ಗಮನಿಸಿ.

ಏರ್‌ಬ್ಯಾಗ್ ಎಣಿಸಿದರಷ್ಟೇ ಸಾಲದು. ಭಾರತ್ ಎನ್‌ಸ್ಯಾಪ್ ಅಥವಾ ಗ್ಲೋಬಲ್ ಎನ್‌ಸ್ಯಾಪ್ ನಡೆಸುವ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಆ ಮಾದರಿಗೆ ಎಷ್ಟು ಸ್ಟಾರ್, ಯಾವ ವರ್ಷದ ಪರೀಕ್ಷೆ, ಮಕ್ಕಳ ಸುರಕ್ಷತೆಗೆ ಎಷ್ಟು ಎಂಬುದನ್ನು ನೋಡಿ.

ಕೊನೆಗೆ, ನೋಂದಣಿಗೆ ಮುನ್ನವೇ ನಿಮ್ಮ ಕಾರನ್ನು ಹಗಲು ಬೆಳಕಿನಲ್ಲಿ ನೋಡಿ. ಷಾಸಿ ನಂಬರ್ ಬರೆದುಕೊಂಡು ತಯಾರಾದ ತಿಂಗಳು ಕೇಳಿ. ಟೈರಿನ ಮಗ್ಗುಲಲ್ಲಿ ‘3225’ ಎಂದಿದ್ದರೆ ಅದು 2025ರ 32ನೇ ವಾರದ್ದು. ಸ್ಟೆಪ್ನಿ ಸೇರಿ ಐದೂ ಟೈರ್ ನೋಡಿ. ಬಾಗಿಲ ಅಂಚಿನಲ್ಲಿ ಬಣ್ಣದ ಛಾಯೆ ಬದಲಾಗಿದ್ದರೆ ಅಥವಾ ಬೋಲ್ಟ್ ತಲೆಯ ಬಣ್ಣ ಕಿತ್ತಿದ್ದರೆ ಗಾಡಿಗೆ ಎಲ್ಲೋ ಪೆಟ್ಟು ಬಿದ್ದು ರಿಪೇರಿಯಾಗಿರುವ ಸಾಧ್ಯತೆ ಇದೆ. ಆಗ ಬೇರೆ ಗಾಡಿ ಕೇಳಿ. ನಂಬರ್ ಬಿದ್ದ ಮೇಲೆ ಬದಲಿಸಿಕೊಡಿ ಎಂದು ಒಪ್ಪಿಸುವುದು ಬಲು ಕಷ್ಟ.