ಹುಲಿವೇಷಕ್ಕೆ 9505 ಬೇಡ: ಛದ್ಮವೇಷದ ಮಾಲು ಬಿಡಿಸಿಕೊಂಡ ಬಗೆ

ಚೀನಾದಿಂದ ತರಿಸುವ ಮಕ್ಕಳ ಛದ್ಮವೇಷದ ಮಾಲು ಅಂದ ಕೂಡಲೇ ಕಸ್ಟಮ್ಸ್ ಸುಂಕಪಟ್ಟಿಯ 9505ನೇ ಹೆಡಿಂಗ್ ಹಾಕಿ ಕೈತೊಳೆದುಕೊಳ್ಳುವ ಸಿಎಚ್‌ಎಗಳೇ (ಮಾಲು ಬಿಡಿಸಿಕೊಡುವ ಕಸ್ಟಮ್ಸ್ ಏಜೆಂಟರೇ) ಹೆಚ್ಚು. ಹಬ್ಬ, ಕಾರ್ನಿವಲ್ ಎಂದು ಹೆಡಿಂಗ್‌ನಲ್ಲೇ ಬರೆದಿದೆಯಲ್ಲ, ಮತ್ತೇಕೆ ತಲೆನೋವು ಅನ್ನುತ್ತಾರೆ. ಬಟ್ಟೆಯದನ್ನೆಲ್ಲ ಉಡುಪಿನ 61 (ಹೆಣಿಗೆ), 62ನೇ (ನೇಯ್ಗೆ) ಅಧ್ಯಾಯಕ್ಕೆ ಒಡೆದು ಹಾಕುತ್ತೇನೆ ಎಂದಾಗ ಮೈಸೂರಿನ ಹೋಲ್‌ಸೇಲ್‌ನವರೂ ನಕ್ಕಿದ್ದರು. ಈಗ ಕುಶಾಲನಗರದ ಗೋಡೌನಿಗೆ ಮಾಲು ಕಸ್ಟಮ್ಸ್‌ನವರ ಕ್ವೆರಿ (ಪ್ರಶ್ನೆ) ಇಲ್ಲದೆ ಬರುತ್ತಿದೆ. ನಕ್ಕವರಲ್ಲೇ ಇಬ್ಬರು ಇನ್‌ವಾಯ್ಸ್ ನಕಲು ಕೇಳಿದ್ದಾರೆ.

95ನೇ ಅಧ್ಯಾಯದ ಟಿಪ್ಪಣಿ 1(ಇ) ನೋಡಿದರೆ ವಾದವೇ ಉಳಿಯುವುದಿಲ್ಲ. ಜವಳಿಯಿಂದ ಮಾಡಿದ ಛದ್ಮವೇಷದ ಉಡುಪು 61 ಅಥವಾ 62ಕ್ಕೆ ಸೇರುತ್ತದೆ, 95ಕ್ಕಲ್ಲ. ಅಮೆರಿಕದಲ್ಲಿ ಮಾತ್ರ ರೂಬೀಸ್ ಎಂಬ ವೇಷದ ಕಂಪನಿಯ 2003ರ ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ತೆಳ್ಳನೆಯ, ಬಾಳಿಕೆ ಬಾರದ ವೇಷಗಳನ್ನು 9505ಕ್ಕೆ ಬಿಟ್ಟುಕೊಟ್ಟಿತು. ಅಲ್ಲಿಗೆ ಕಳಿಸಿ ರೂಢಿಯಾದ ಚೀನಾದ ಸಪ್ಲಾಯರ್ ನಮಗೂ ಅದನ್ನೇ ಹೊಡೆದು ಕಳಿಸುತ್ತಾನೆ. ಇಲ್ಲಿ ಅದನ್ನು ನಂಬಿದರೆ ಕೆಟ್ಟಿರಿ. ಜವಳಿಗೆ ಬೇಕಾದ, ನಿಷೇಧಿತ ಬಣ್ಣ ಇಲ್ಲವೆಂಬ ಸರ್ಟಿಫಿಕೇಟ್ ತಪ್ಪಿಸಿಕೊಳ್ಳಲು 9505 ಹಾಕಿದ್ದಾನೆ ಎಂಬ ಅನುಮಾನಕ್ಕೆ ನಾವೇ ಬಾಗಿಲು ತೆರೆದಂತೆ.

ಲೆಕ್ಕ ನೋಡಿ. 61, 62ರಲ್ಲಿ ಶೇ 20 ಬೇಸಿಕ್ (ಮೂಲ ಕಸ್ಟಮ್ಸ್ ಸುಂಕ) ಇರುವ ಸಾಲಿನಲ್ಲಿ ಒಂದು ಲಕ್ಷದ ಮಾಲಿಗೆ 20 ಸಾವಿರ, ಆ ಸುಂಕದ ಮೇಲೆ ಸರ್‌ಚಾರ್ಜ್ 2 ಸಾವಿರ, 1,22,000ದ ಮೇಲೆ ಶೇ 5 ಐಜಿಎಸ್‌ಟಿ (ಆಮದಿಗೆ ಕಟ್ಟುವ ಜಿಎಸ್‌ಟಿ) 6,100, ಒಟ್ಟು 28,100. ತುಂಡಿಗೆ 2,500 ರೂಪಾಯಿವರೆಗಿನ ಉಡುಪಿಗೆ ಶೇ 5 ಎಂಬುದು 2025ರ ಸೆಪ್ಟೆಂಬರ್ 22ರಿಂದ ಇದೆ. 9505ಕ್ಕೂ ಬೇಸಿಕ್ 2018ರಲ್ಲೇ 10ರಿಂದ 20ಕ್ಕೆ ಏರಿತು, ಆದರೆ ಐಜಿಎಸ್‌ಟಿ ಉಡುಪಿಗಿಂತ ಜಾಸ್ತಿ. ಕಟ್ಟಿದ ಐಜಿಎಸ್‌ಟಿ ಆಮೇಲೆ ಕ್ರೆಡಿಟ್ ಆಗಿ ಬರುತ್ತದಲ್ಲ ಅನ್ನಬೇಡಿ. ದುಡ್ಡು ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತದೆ, ಗೋಣಿಕೊಪ್ಪದ ಅಂಗಡಿಯಲ್ಲಿ ಬಿಲ್ ಮಾಡುವಾಗಲೂ ಅದೇ ದರ ಬೆನ್ನಿಗೆ ಬೀಳುತ್ತದೆ. ಒಂದು ಎಚ್ಚರ: ಉಡುಪಿನ ಕೆಲವು ಸಾಲುಗಳಲ್ಲಿ ಶೇಕಡಾವಾರು ಅಥವಾ ತುಂಡಿಗೆ ಇಷ್ಟು ರೂಪಾಯಿ, ಯಾವುದು ಹೆಚ್ಚೋ ಅದು. ನೂರೈವತ್ತು, ಇನ್ನೂರರ ಮಾಲಿಗೆ ತುಂಡಿನ ದರವೇ ಹೊಡೆತ. ಆರ್ಡರ್ ಕೊಡುವ ಮೊದಲೇ ಸಾಲು ನೋಡಿಕೊಳ್ಳಿ.

ಒಡೆಯುವ ಕೆಲಸ ಸ್ಯಾಂಪಲ್ ಕೈಗೆ ಬಂದ ದಿನವೇ ಆಗಬೇಕು. ಮೊದಲು ಹೆಣಿಗೆಯೋ ನೇಯ್ಗೆಯೋ. ಅಡ್ಡ ಎಳೆದರೆ ಹಿಗ್ಗುವುದು ಸಾಮಾನ್ಯವಾಗಿ ಹೆಣಿಗೆ, ಆದರೆ ಸ್ಪ್ಯಾಂಡೆಕ್ಸ್ ಸೇರಿದ ಸ್ಯಾಟಿನ್ ಕೂಡ ಹಿಗ್ಗಿ ಮೋಸ ಮಾಡುತ್ತದೆ. ಭೂತಗನ್ನಡಿಯಲ್ಲಿ ಕುಣಿಕೆ ಕಾಣಲೇಬೇಕು. ಪಾಲಿಯೆಸ್ಟರ್ ಹೆಣಿಗೆಯ ಮೈತುಂಬ ಹುಲಿ ಸೂಟ್ 6114 30. ಅದೇ ನೇಯ್ದದ್ದಾದರೆ 6211. ಪಾಲಿಯೆಸ್ಟರ್ ಸ್ಯಾಟಿನ್ನಿನ ರಾಜಕುಮಾರಿ ಫ್ರಾಕು 6204 43, ಹೆಣಿಗೆಯದಾದರೆ 6104 43. ಮೇಲ್ಭಾಗ ಹೆಣಿಗೆ, ಕೆಳಗೆ ನೇಯ್ಗೆಯ ಲಂಗ ಇದ್ದರೆ ಬಿಚ್ಚಿ, ಏಲಕ್ಕಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಎರಡನ್ನೂ ಬೇರೆಬೇರೆ ತೂಗಿ, ವಿಸ್ತೀರ್ಣವನ್ನೂ ಅಳೆದು ಬರೆದಿಡಿ. ಮುಖ್ಯ ಸ್ವರೂಪ ಯಾವುದು ಎಂಬ ಪ್ರಶ್ನೆಗೆ ಉತ್ತರ ಬೇಕಾಗುತ್ತದೆ.

ಗಂಡು ಹೆಣ್ಣಿನ ವಿಚಾರದಲ್ಲಿ ಹೆಚ್ಚಿನವರು ಎಡವುತ್ತಾರೆ. ಮುಂದಿನ ತೆರಪಿನಲ್ಲಿ ಎಡಭಾಗ ಬಲದ ಮೇಲೆ ಬಂದರೆ ಹುಡುಗರದು, ಬಲಭಾಗ ಎಡದ ಮೇಲೆ ಬಂದರೆ ಹುಡುಗಿಯರದು. ಬೆನ್ನಿಗೆ ಜಿಪ್ ಇರುವ ಹುಲಿ ಸೂಟಿನಲ್ಲಿ ಎರಡೂ ಗೊತ್ತಾಗುವುದಿಲ್ಲ; ಹಾಗೆ ಗುರುತು ಸಿಗದ್ದು ಹುಡುಗಿಯರ ಸಾಲಿಗೇ. ಆದ್ದರಿಂದ ನೇಯ್ದ ಸೂಟು 6211 43, ಪ್ಯಾಕೆಟ್ ಮೇಲೆ ಹುಡುಗನ ಫೋಟೋ ಇದ್ದರೂ ಸರಿ.

ಎತ್ತರ 86 ಸೆಂಟಿಮೀಟರ್ ಮೀರದ ಮಕ್ಕಳ ಉಡುಪು 6111 ಅಥವಾ 6209. ಚೀನಾದ ಸೈಜ್ ಚೀಟಿಯಲ್ಲಿ ಬರುವ 80, 90, 100 ಎಂಬುದು ಮಗುವಿನ ಎತ್ತರವೇ. 80ರದು ಬೇರೆ ಸಾಲು, 90ರಿಂದ ಮೇಲಿನದು ಬೇರೆ ಸಾಲು. ಒಂದೇ ಮಾದರಿ ಎಂದು ಒಂದೇ ಸಾಲಿಗೆ ತುರುಕಿದರೆ ತಪಾಸಣೆಯಲ್ಲಿ ಸಿಕ್ಕಿಬೀಳುವುದು ಖಂಡಿತ. ಅಂಗಿ, ಚಡ್ಡಿ ಎಂದು ಬೇರೆ ಹೆಡಿಂಗ್‌ನ ಎರಡು ಉಡುಪು ಒಂದೇ ಕವರಿನಲ್ಲಿದ್ದರೂ ವಿಭಾಗ 11ರ ಟಿಪ್ಪಣಿ 14ರ ಪ್ರಕಾರ ಅವು ಬೇರೆಬೇರೆಯೇ.

ಮುಖವಾಡ, ಸುಳ್ಳು ಕಿವಿ, ಮೂಗು 9505 90ರಲ್ಲೇ ಇರಲಿ, ಅಲ್ಲಿ ಅದು ಸರಿ. ಮೇ ತಿಂಗಳ ಬೇಡು ಹಬ್ಬಕ್ಕೆ ಕೊಡಗಿನ ತಿತಿಮತಿ ಕಡೆ ವೇಷಕ್ಕೆ ವಿಗ್ ಕೇಳುತ್ತಾರೆಂದು ಒಂದಿಷ್ಟು ತರಿಸಿದ್ದೆ. ಒಳ್ಳೆ ಕೆಲಸದ ವಿಗ್ 6704, ಒರಟಾಗಿ ಮಾಡಿದ ಕಾರ್ನಿವಲ್ ವಿಗ್ 9505. ವ್ಯಾಪಾರ ಅಷ್ಟಕ್ಕಷ್ಟೆ, ಎರಡನೇ ಸಲ ತರಿಸಲಿಲ್ಲ.

ನಿಜವಾಗಿ ದುಡ್ಡು ತಿಂದದ್ದು ಕತ್ತಿ. ಯೋಧನ ವೇಷದ ಪ್ಯಾಕೆಟ್ಟಿನಲ್ಲಿ ಒಂದಡಿ ಪ್ಲಾಸ್ಟಿಕ್ ಕತ್ತಿ ಇದ್ದರೆ ಅದು 9503ರ ಆಟಿಕೆ ಎಂಬ ಮಾತು ಏಳುತ್ತದೆ. ಆಟಿಕೆಗೆ 2023ರ ಬಜೆಟ್‌ನಲ್ಲಿ ಬೇಸಿಕ್ ಒಂದೇ ಶೇ 70 ಆಯಿತು, ಮೇಲೆ 2021ರ ಜನವರಿಯಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯ. ಗುರುತಿಲ್ಲದ ಕತ್ತಿಯಿಂದಾಗಿ ಇಡೀ ಪೆಟ್ಟಿಗೆ ನಿಲ್ಲುತ್ತದೆ, ಡೆಮರೇಜ್ (ಮಾಲು ಬಿದ್ದಿರುವ ದಿನಗಳ ಬಾಡಿಗೆ) ಓಡುತ್ತದೆ. ಒಂದು ಸಲ ಸುಮಾರು ಮೂವತ್ತು, ನಲವತ್ತು ಸಾವಿರ ಹಾಗೇ ಹೋಯಿತು, ಕತ್ತಿಗಳ ಬೆಲೆ ಅದರ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಈಗ ಕತ್ತಿ, ಗದೆ, ಬಿಲ್ಲು ಬಿಟ್ಟು ಪ್ಯಾಕ್ ಮಾಡಿಸುತ್ತೇನೆ. ಗದೆ ಬೇಕಾದರೆ ಚನ್ನಪಟ್ಟಣದಲ್ಲಿ ಮರದ್ದು ಸಿಗುತ್ತದೆ. ಹಸ್ತಶಿಲ್ಪ ಆಯುಕ್ತರಲ್ಲಿ ನೋಂದಾಯಿತ ಕುಶಲಕರ್ಮಿಗಳ ಆಟಿಕೆಗೆ ಬಿಐಎಸ್ ಗುರುತಿನ ಆದೇಶದಿಂದ ವಿನಾಯಿತಿ ಇದೆ. ಎದೆಯ ಮೇಲೆ ಸೂಪರ್‌ಹೀರೋ ಚಿಹ್ನೆ ಇರುವುದನ್ನೂ ಬಿಟ್ಟೆ. ಹಕ್ಕುದಾರರು ಕಸ್ಟಮ್ಸ್‌ನಲ್ಲಿ ನೋಂದಾಯಿಸಿದ್ದರೆ ಮಾಲು ತಡೆಯುತ್ತಾರೆ. ನವಿಲು, ಚಿಟ್ಟೆ, ಹುಲಿ, ಜೇನ್ನೊಣಕ್ಕೆ ಯಾರ ಹಕ್ಕೂ ಇಲ್ಲ, ನವೆಂಬರ್ 14ಕ್ಕೆ ಚೆನ್ನಾಗಿಯೇ ಹೋಗುತ್ತವೆ.

ನಿಷೇಧಿತ ಬಣ್ಣ ಇಲ್ಲ ಎಂಬ ವರದಿಯನ್ನು ಅಲ್ಲಿನ ಮಾನ್ಯತೆ ಪಡೆದ ಲ್ಯಾಬಿನಿಂದ ಮಾಲು ಹೊರಡುವ ಮೊದಲೇ ತರಿಸಿ. ಇಲ್ಲದಿದ್ದರೆ ಇಲ್ಲಿ ಸ್ಯಾಂಪಲ್ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಅಷ್ಟರಲ್ಲಿ ಛದ್ಮವೇಷ ಸ್ಪರ್ಧೆ ಮುಗಿದಿರುತ್ತದೆ. ಇನ್‌ವಾಯ್ಸ್‌ನ ಪ್ರತಿ ಸಾಲಿನಲ್ಲೂ ಹೆಣಿಗೆ/ನೇಯ್ಗೆ, ನಾರಿನ ಶೇಕಡಾವಾರು ತೂಕ, ಸೈಜು, ತೆರಪು ಎಲ್ಲಿ ಎಂಬ ನಾಲ್ಕೂ ಇರಲಿ. ಮೊದಲ ಮಾಲಿಗೆ ಫಸ್ಟ್ ಚೆಕ್ (ಸುಂಕ ನಿಗದಿಗೆ ಮೊದಲೇ ಮಾಲಿನ ತಪಾಸಣೆ) ಕೇಳಿಕೊಂಡರೆ ಎರಡು ದಿನ ತಡ, ಆದರೆ ಮುಂದಿನ ಮಾಲಿಗೆ ತೋರಿಸಲು ಒಂದು ದಾಖಲೆ ಸಿಗುತ್ತದೆ. ವಿವರಣೆಯ ಕೊನೆಗೆ ಸೇರಿಸುವ ಒಂದು ವಾಕ್ಯದಿಂದ ಕ್ವೆರಿ ಅರ್ಧಕ್ಕರ್ಧ ಇಳಿಯಿತು, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಇಷ್ಟಾದರೂ ಅನುಮಾನ ಉಳಿದ ಮಾದರಿಗೆ 10,000 ರೂಪಾಯಿ ಶುಲ್ಕ ಕಟ್ಟಿ, ಯಾವ ಹೆಡಿಂಗ್ ಎಂದು ಕಸ್ಟಮ್ಸ್‌ನ ಮುಂಗಡ ನಿರ್ಣಯ (ಅಡ್ವಾನ್ಸ್ ರೂಲಿಂಗ್) ಕೇಳಬಹುದು. ಕಾನೂನಿನಲ್ಲಿ ಮೂರು ತಿಂಗಳ ಗಡುವಿದೆ, ನಿರ್ಣಯ ಮೂರು ವರ್ಷ ಬಾಳುತ್ತದೆ. ಆದರೆ ಅದೇ ಪ್ರಶ್ನೆ ಅಧಿಕಾರಿಯ ಮುಂದೆ ಬಾಕಿ ಇದ್ದರೆ ಅರ್ಜಿ ನಿಲ್ಲದು, ಹಾಗಾಗಿ ಮಾಲು ತರಿಸುವ ಮೊದಲೇ ಹಾಕಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಸ್ಟಾಕನ್ನು ಮಡಿಕೇರಿಯಲ್ಲಿ ಇಡಬೇಡಿ. ಸ್ಪಂಜು ತುಂಬಿದ ಸೂಟಿಗೆ ವಾರದಲ್ಲೇ ಬೂಷ್ಟು ಹಿಡಿಯುತ್ತದೆ, ಕುಶಾಲನಗರದಲ್ಲಿ ಅಷ್ಟು ತೇವ ಇಲ್ಲ.