ಬಳ್ಳಾರಿ ಬಿಸಿಲಲ್ಲಿ ಫಿಶ್ ಟ್ಯಾಂಕ್ ಶಿಫ್ಟ್ ಮಾಡಿದ್ದು

ಮನೆ ಬದಲಾಯಿಸುತ್ತೇನೆ, ಟ್ಯಾಂಕ್ ಇದೆ ಅಂದರೆ ಎಲ್ಲರೂ ಕೇಳುವುದು ಮೀನು ಹೇಗೆ ಒಯ್ಯುತ್ತೀರಿ ಅಂತ. ನಾನಾದರೆ ಮೊದಲು ಫಿಲ್ಟರ್ ಬಗ್ಗೆ ಕೇಳುತ್ತೇನೆ. ಮೀನನ್ನು ಎರಡು ಮೂರು ಗಂಟೆ ಬಕೆಟ್‌ನಲ್ಲಿ ಒಯ್ಯುವುದು ಅಂಥ ಕಷ್ಟವಲ್ಲ. ಹೊಸ ಮನೆ ಸೇರಿದ ಮೇಲೆ ಆ ವಾರ ಅದು ಉಳಿಯುತ್ತದಾ ಅನ್ನುವುದು ಫಿಲ್ಟರ್ ಕೈಯಲ್ಲಿ ಇರುತ್ತದೆ.

ಹೋದ ಬೇಸಿಗೆಯಲ್ಲಿ ವರ್ಗಾವಣೆ ಆಗಿ ಬಳ್ಳಾರಿಯಿಂದ ಕೊಪ್ಪಳಕ್ಕೆ ಹೋದೆವು. ಹೊಸಪೇಟೆ ಮೇಲೆ ಹೋದರೆ ಹತ್ತಿರ ಹತ್ತಿರ 100 ಕಿಲೋಮೀಟರ್. ಮೂರಡಿ ಟ್ಯಾಂಕ್, ಅದರಲ್ಲಿ ಏಂಜಲ್, ಗೌರಾಮಿ, ಒಂದಷ್ಟು ಮೋಲಿ, ಮತ್ತೆ ಅಂಗೈಗಿಂತ ಉದ್ದ ಬೆಳೆದ ಒಂದು ಸಕ್ಕರ್ ಫಿಶ್.

ಮೀನಿನ ಹೊಲಸು, ತಿಂದು ಉಳಿದ ಆಹಾರ ಎಲ್ಲ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ, ನೈಟ್ರೇಟ್ ಅಷ್ಟು ತೊಂದರೆ ಕೊಡುವುದಿಲ್ಲ. ಈ ಬ್ಯಾಕ್ಟೀರಿಯಾ ನೀರಲ್ಲಿ ತೇಲಾಡಿಕೊಂಡು ಇರುವುದು ಬಹಳ ಕಡಿಮೆ. ಫಿಲ್ಟರ್ ಒಳಗಿನ ಸ್ಪಾಂಜ್, ಸೆರಾಮಿಕ್ ರಿಂಗ್, ಟ್ಯಾಂಕಿನ ಕಲ್ಲುಗಳ ಮೇಲೆ ಅಂಟಿಕೊಂಡು ಇರುತ್ತವೆ. ಆದರೆ ಶಿಫ್ಟಿಂಗ್ ಅಂದ ಕೂಡಲೇ ಜನ ಹಳೇ ನೀರನ್ನು ಡ್ರಮ್ಮುಗಟ್ಟಲೆ ತುಂಬಿಕೊಳ್ಳುತ್ತಾರೆ, ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು ಬೆಳ್ಳಗೆ ತೊಳೆದು ಬಿಸಿಲಿಗೆ ಒಣಗಿಸಿ ಪ್ಯಾಕ್ ಮಾಡುತ್ತಾರೆ. ಪೂರ್ತಿ ಉಲ್ಟಾ ಕೆಲಸ! ನಾನು ಸ್ಪಾಂಜ್, ರಿಂಗ್ ಎಲ್ಲ ಟ್ಯಾಂಕ್ ನೀರು ತುಂಬಿದ ಒಂದು ಬಕೆಟ್‌ಗೆ ಹಾಕಿ, ಅದಕ್ಕೂ ಒಂದು ಏರ್ ಸ್ಟೋನ್ (ಪಂಪಿನ ಗಾಳಿಯನ್ನು ಗುಳ್ಳೆ ಮಾಡಿ ಬಿಡುವ ಕಲ್ಲು) ಬಿಟ್ಟೆ. ಗಾಳಿ ಇಲ್ಲದೆ ಗಂಟೆಗಟ್ಟಲೆ ಮುಚ್ಚಿಟ್ಟರೂ ಆ ಬ್ಯಾಕ್ಟೀರಿಯಾ ಸಾಯುತ್ತವೆ.

ಹಾಗಂತ ಹಳೇ ನೀರು ದಂಡ ಅಲ್ಲ. ಎರಡು ಊರಿನ ನೀರು ಒಂದೇ ಥರ ಇರುವುದಿಲ್ಲ, ಅದರಲ್ಲೂ ಬೋರ್‌ವೆಲ್ ಇದ್ದರೆ. ಮನೆಗೆ ಅಡ್ವಾನ್ಸ್ ಕೊಡಲು ಹೋದಾಗಲೇ ಅಲ್ಲಿಯ ನಲ್ಲಿಯಿಂದ ಒಂದು ಬಾಟಲಿ ನೀರು ಹಿಡಿದು ತಂದು ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಿದೆ. ನಮ್ಮ ನೀರಿಗಿಂತ ಗಡಸು. ಅದಕ್ಕೇ ಅರ್ಧ ಟ್ಯಾಂಕಿಗೆ ಆಗುವಷ್ಟು ಹಳೇ ನೀರನ್ನು ಕ್ಯಾನ್‌ಗಳಲ್ಲಿ ತುಂಬಿಕೊಂಡೆ, ಬದಲಾವಣೆ ಒಮ್ಮೆಗೇ ಬಡಿಯಬಾರದು ಅಂತ.

ಹೊರಡುವ ಹಿಂದಿನ ದಿನದಿಂದ ಮೀನಿಗೆ ಆಹಾರ ಬಂದ್. ಅಮ್ಮನಿಗೆ ಇದು ಸುತರಾಂ ಒಪ್ಪಿಗೆ ಇರಲಿಲ್ಲ. "ಊರು ಬಿಡೋ ಹೊತ್ತಿನ್ಯಾಗ ಹೊಟ್ಟಿಗೆ ಹಾಕದಂಗ ಕರ್ಕೊಂಡು ಹೋಗ್ತಿಯೇನೋ" ಅಂತ ಬೈದರು. ಗಟ್ಟಿಮುಟ್ಟಾದ ದೊಡ್ಡ ಮೀನು ಎರಡು ದಿನ ಆರಾಮಾಗಿ ತಡೆಯುತ್ತದೆ, ತಿಂದಿದ್ದರೆ ಅದೇ ಬಕೆಟ್‌ನಲ್ಲಿ ಹೊಲಸು ಮಾಡಿ ಅದೇ ನೀರಲ್ಲಿ ಉಸಿರಾಡಬೇಕಾಗುತ್ತದೆ ಅಂತ ಹೇಳಿ ಡಬ್ಬಿಯನ್ನು ಬೀರುವಿನ ಮೇಲೆ ಇಟ್ಟೆ.

ಬಿಸಿಲು ನಮ್ಮ ಕಡೆಯ ದೊಡ್ಡ ತಲೆನೋವು. ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕಡಿಮೆ. 20 ಡಿಗ್ರಿಯಲ್ಲಿ ಲೀಟರ್‌ಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯಲ್ಲಿ ಏಳೂವರೆ. ಮೀನಿಗೆ ಮಾತ್ರ ಬಿಸಿ ನೀರಲ್ಲಿ ಆಕ್ಸಿಜನ್ ಜಾಸ್ತಿ ಬೇಕು. ಹಾಗಾಗಿ ಸಾಮಾನಿನ ಗಾಡಿ ಹಗಲು ಹೋಗಲಿ, ಮೀನು ಮಾತ್ರ ನಸುಕಿನಲ್ಲಿ ಕಾರಲ್ಲಿ ನನ್ನ ಜೊತೆ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಖಾಲಿ ಟ್ಯಾಂಕ್ ಮತ್ತು ಸ್ಟ್ಯಾಂಡ್ ಮುಂಚಿನ ದಿನವೇ ಹೊರಟವು, ಆ ಒಂದು ರಾತ್ರಿ ಮೀನುಗಳೆಲ್ಲ ಬಕೆಟ್‌ನಲ್ಲಿ ಪಂಪ್ ಜೊತೆ ಇದ್ದವು. ಬಕೆಟ್ ಹೊಸದೇ ಇರಬೇಕು. ಪೇಂಟ್ ಡಬ್ಬಿ ಎಷ್ಟು ತೊಳೆದರೂ ಬೇಡ.

ಮೀನು ಹಿಡಿಯುವಾಗ ತುಂಬಿದ ಟ್ಯಾಂಕಿನಲ್ಲಿ ಬಲೆ ಹಿಡಿದು ಓಡಾಡಿಸಬೇಡಿ, ಸುಸ್ತಾಗಿ ಹೋಗುತ್ತವೆ. ಗಿಡ, ಕಲ್ಲು, ಬೊಂಬೆ ಎಲ್ಲ ಮೊದಲು ತೆಗೆದು, ನೀರು ಒಂದು ಗೇಣಿಗೆ ಇಳಿದ ಮೇಲೆ ಹಿಡಿದೆ. ಸಕ್ಕರ್ ಫಿಶ್‌ಗೆ ರೆಕ್ಕೆಯಲ್ಲಿ ಮುಳ್ಳು, ಬಲೆಗೆ ಸಿಕ್ಕಿಕೊಂಡರೆ ಬಿಡಿಸುವುದು ರಗಳೆ, ಕವರ್‌ಗೆ ಹಾಕಿದರೆ ತೂತು. ಅದನ್ನು ಒಂದು ಪ್ಲಾಸ್ಟಿಕ್ ಡಬ್ಬಿ ಮುಳುಗಿಸಿ ನೀರಿನ ಸಮೇತ ಎತ್ತಿ ಬೇರೆ ಬಕೆಟ್‌ಗೆ ಬಿಟ್ಟೆ. ಗೌರಾಮಿ ಮೇಲೆ ಬಂದು ಗಾಳಿ ಎಳೆದುಕೊಳ್ಳುವ ಮೀನು, ಅದಕ್ಕೆ ಬಕೆಟ್ ಅರ್ಧ ಮಾತ್ರ ತುಂಬಿ ಮುಚ್ಚಳಕ್ಕೆ ತೂತು ಹಾಕಿದ್ದೆ.

ಗಾಡಿಯ ಹುಡುಗರು, "ಅಣ್ಣಾ, ಅರ್ಧ ನೀರು ಇರ್ಲಿ ಬಿಡ್ರಿ, ನಾಕು ಮಂದಿ ಎತ್ತತೀವಿ" ಅಂದರು. ಮೂರಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕಿಗೆ ಸುಮಾರು 130 ಲೀಟರ್ ಹಿಡಿಯುತ್ತದೆ. ಲೀಟರ್‌ಗೆ ಒಂದು ಕೆಜಿ, ಅರ್ಧ ಅಂದರೂ 65 ಕೆಜಿ, ಅದರ ಮೇಲೆ ಕಲ್ಲು. ಎತ್ತುವುದೇನೋ ಎತ್ತುತ್ತಾರೆ, ಆದರೆ ನೀರು ಆ ಕಡೆ ಈ ಕಡೆ ವಾಲಿದಾಗ ಭಾರ ಬೀಳುವುದು ಗಾಜು ಅಂಟಿಸಿದ ಸಿಲಿಕೋನ್ ಬೆಸುಗೆ ಮೇಲೆ. ಕಲ್ಲು ಸಮೇತ ಪೂರ್ತಿ ಖಾಲಿ ಮಾಡಿಸಿದೆ, ಮೇಲಿನ ಅಂಚು ಹಿಡಿಯದೆ ತಳಕ್ಕೆ ಕೈ ಕೊಟ್ಟು ಎತ್ತಲು ಹೇಳಿದೆ, ಹಳೇ ರಜಾಯಿ ಸುತ್ತಿ ಕಳಿಸಿದೆ.

ನಸುಕಿನ ಪ್ರಯಾಣದಲ್ಲಿ ಹೇಳುವಂಥದ್ದು ಏನೂ ನಡೆಯಲಿಲ್ಲ. ಪವರ್ ಬ್ಯಾಂಕಿಗೆ ಸಿಕ್ಕಿಸಿದ ಸಣ್ಣ ಪಂಪ್ ಗುರ್ ಅಂತಿತ್ತು, ಹೊಸಪೇಟೆಯಲ್ಲಿ ಚಹಾಕ್ಕೆ ನಿಂತಾಗ ಮುಚ್ಚಳ ಎತ್ತಿ ನೋಡಿದೆ, ಅಷ್ಟೇ.

ಕೊಪ್ಪಳದಲ್ಲಿ ಸ್ಟ್ಯಾಂಡಿಗೆ ರಸಮಟ್ಟ ಇಟ್ಟು ನೋಡಿ, ಥರ್ಮಾಕೋಲ್ ಹಾಸಿ ಟ್ಯಾಂಕ್ ಕೂರಿಸಿದೆ. ಹಳೇ ನೀರು, ಆಮೇಲೆ ಆ್ಯಂಟಿ ಕ್ಲೋರಿನ್ ಹಾಕಿದ ಹೊಸ ನೀರು, ತಕ್ಷಣ ಫಿಲ್ಟರ್ ಚಾಲೂ. ಮೀನಿನ ಬಕೆಟ್‌ಗೆ ಲೋಟದಲ್ಲಿ ಟ್ಯಾಂಕ್ ನೀರು ಸ್ವಲ್ಪ ಸ್ವಲ್ಪ ಸೇರಿಸುತ್ತಾ ಮುಕ್ಕಾಲು ಗಂಟೆ ಕಾದು, ಮೀನನ್ನಷ್ಟೇ ಟ್ಯಾಂಕಿಗೆ ಬಿಟ್ಟು ಬಕೆಟ್ ನೀರು ಚೆಲ್ಲಿದೆ. ನೀವು ಆಕ್ಸಿಜನ್ ತುಂಬಿ ಕಟ್ಟಿದ ಕವರ್‌ನಲ್ಲಿ ದೂರದಿಂದ ತಂದಿದ್ದರೆ ಇಷ್ಟು ನಿಧಾನ ಬೇಡ. ಮುಚ್ಚಿದ ಕವರ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ, ಅದರಿಂದ ಅಮೋನಿಯಾದ ಜೋರು ಕಡಿಮೆ ಇರುತ್ತದೆ. ಕವರ್ ಬಿಚ್ಚಿದ ಕೂಡಲೇ ಪಿಎಚ್ ಏರುತ್ತದೆ, ಅಮೋನಿಯಾ ಕಚ್ಚಲು ಶುರು. ಕಟ್ಟಿದ ಕವರ್ ಹಾಗೇ ತೇಲಿಬಿಟ್ಟು ಬಿಸಿ ಸಮ ಮಾಡಿಕೊಂಡು, ಬಿಚ್ಚಿದ ಮೇಲೆ ತಡ ಮಾಡದೆ ಬಲೆಯಲ್ಲಿ ಎತ್ತಿ ಬಿಡಿ.

ಆ ದಿನ ಲೈಟ್ ಹಾಕಲಿಲ್ಲ, ಆಹಾರವೂ ಇಲ್ಲ. ಆಮೇಲೆ ಒಂದು ವಾರ ಚಿಟಿಕೆಯಷ್ಟೇ. ಮಧ್ಯೆ ಒಮ್ಮೆ ಸ್ಟ್ರಿಪ್‌ನಲ್ಲಿ ಅಮೋನಿಯಾ ಸ್ವಲ್ಪ ತೋರಿಸಿತು, ಕಾಲು ಭಾಗ ನೀರು ಬದಲಿಸಿದೆ, ಇಳಿಯಿತು. ಆಹಾರದ ಡಬ್ಬಿ ಈಗ ಅಮ್ಮನ ಸುಪರ್ದಿಯಲ್ಲಿದೆ.