ಮಕ್ಕಳ ಕೈಗೆ ಡಂಬೆಲ್ ಕೊಡೋ ಮುಂಚೆ

ಕಂಠೀರವದ ಟ್ರ್ಯಾಕ್ ಪಕ್ಕ ಬೆಳಿಗ್ಗೆ ಕಾಯ್ತಾ ಕೂರೋ ಅಪ್ಪ ಅಮ್ಮಂದಿರು ಪದೇ ಪದೇ ಕೇಳೋದು ಒಂದೇ: ವೇಟ್ಸ್ ಎತ್ತಿದ್ರೆ ಮಗು ಕುಳ್ಳಗಾಗುತ್ತಾ? ಇಲ್ಲ. ಸರಿಯಾಗಿ ಹೇಳಿಕೊಡೋರು ಪಕ್ಕದಲ್ಲಿದ್ರೆ ಬೆಳವಣಿಗೆ ನಿಲ್ಲಲ್ಲ. ಕೆಡೋದು ರೀಲ್ಸ್ ನೋಡಿ ಭಾರ ಏರಿಸೋ ಅವಸರದಿಂದ.

ನಮ್ಮ ಹುಡುಗಿಗೆ 12. ಮೊದಲೆರಡು ತಿಂಗಳು ಬರಿಗೈಯಲ್ಲೇ ಬಸ್ಕಿ, ಗೋಡೆಗೆ ಕೈಯೂರಿ ಪುಷ್‌ಅಪ್, ಮೊಣಕೈ ಊರಿ ಮೈ ನೇರ ಹಿಡಿಯೋ ಪ್ಲ್ಯಾಂಕ್. ಅವಳಿಗೆ ಬೇಜಾರೇ, ಆದ್ರೂ ಬಿಡಲಿಲ್ಲ. ವಾರಕ್ಕೆ 2–3 ದಿನ ಸಾಕು, ನಡುವೆ ಒಂದು ದಿನ ಬಿಡುವು. 10–12 ಸಲ ಮಾಡಿದ ಮೇಲೂ ಇನ್ನೆರಡು ಮಾಡೋ ತ್ರಾಣ ಉಳಿದಿರಬೇಕು. ಬೆನ್ನು ಬಾಗಿತಾ, ಮಂಡಿ ಒಳಕ್ಕೆ ವಾಲಿತಾ, ಸೆಟ್ ಅಲ್ಲಿಗೇ ನಿಲ್ಲಿಸಿ. ಈಗಷ್ಟೇ 1 ಕೆಜಿ ಡಂಬೆಲ್ ಹಿಡಿದಿದ್ದಾಳೆ.

ಮಕ್ಕಳು ದಿಢೀರ್ ಉದ್ದ ಆಗೋ ವರ್ಷಗಳಲ್ಲಿ ಮಂಡಿಚಿಪ್ಪಿನ ಕೆಳಗೆ ನೋವು ಅಂದ್ರೆ ನೆಪ ಅಂದ್ಕೋಬೇಡಿ, ಓಸ್‌ಗುಡ್-ಶ್ಲಾಟರ್ (ಬೆಳೆಯೋ ವಯಸ್ಸಲ್ಲಿ ಮಂಡಿ ಕೆಳಗಿನ ಮೂಳೆ ಎಳೆತಕ್ಕೆ ಊದಿ ನೋಯೋ ತೊಂದರೆ) ಇರಬಹುದು. ಓಟ, ಜಿಗಿತ ಕಡಿಮೆ ಮಾಡಿ, ಮೂಳೆ ಡಾಕ್ಟರಿಗೆ ತೋರಿಸಿ.

ಪ್ರೋಟೀನ್ ಪುಡಿ ಡಬ್ಬಕ್ಕೆ ದುಡ್ಡು ಸುರಿಯೋ ಬದಲು ಮೊಟ್ಟೆ, ಹೆಸರುಕಾಳು ಉಸಲಿ, ಮೊಸರು. ಟ್ರಾಫಿಕ್‌ಗೆ ಹೆದರಿ 5ಕ್ಕೇ ಎಬ್ಬಿಸೋದಾದ್ರೆ ರಾತ್ರಿ 8ಕ್ಕೆ ಮಲಗಿಸಿ. ನಮ್ಮನೇಲಿ ಇದೊಂದೇ ಇನ್ನೂ ಸಾಧ್ಯ ಆಗಿಲ್ಲ!